ವಾಟ್ಸಾಪ್ ಇದೆಯಲ್ಲ, ವೆಬ್‌ಸೈಟ್ ಯಾಕೆ?

"ಏನಮ್ಮಾ, ವಾಟ್ಸಾಪ್ ಇದೆ, ಇನ್‌ಸ್ಟಾಗ್ರಾಂ ಇದೆ, ಗೂಗಲ್ ಮ್ಯಾಪಲ್ಲಿ ಅಂಗಡಿ ಕಾಣ್ಸುತ್ತೆ. ವೆಬ್‌ಸೈಟ್ ಬೇರೆ ಯಾಕೆ? ದುಡ್ಡು ದಂಡ ಅಲ್ವಾ?"

ಸ್ಟೀಲ್ ಪಾತ್ರೆ ಅಂಗಡಿಯ ಹಿರಿಯರೊಬ್ಬರು ಕೇಳಿದ್ದು ಇದು. ಅವರೊಬ್ಬರೇ ಅಲ್ಲ, ನಮ್ಮ ಮೆಟ್ಟಿಲು ಹತ್ತಿ ಬಂದು, ಕೂತು, ನೀರು ಕುಡಿದವರೆಲ್ಲ ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ. ಬೆಂಗಳೂರಿನ ಮಿನರ್ವ ಸರ್ಕಲ್ ಹತ್ತಿರದ ಗಲ್ಲಿಯೊಂದರಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ ನಮ್ಮ ಸ್ಟುಡಿಯೊ ಇದೆ. ಸ್ಟುಡಿಯೊ ಅಂದರೆ ಮೂರು ಜನ, ನಾಲ್ಕು ಕಂಪ್ಯೂಟರ್, ಆಗಾಗ ಕೂಗುವ ಒಂದು ಯುಪಿಎಸ್. ಅಂಗಡಿ, ಕ್ಲಿನಿಕ್, ಸಣ್ಣ ಕಾರ್ಖಾನೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ.

ಕೆಲವರಿಗೆ "ಬೇಡ" ಅಂತಲೇ ಹೇಳುತ್ತೇನೆ. ಬೆಳಿಗ್ಗೆ ಇಡ್ಲಿ ಮುಗಿದ ಕೂಡಲೇ ಷಟರ್ ಎಳೆಯುವ ಪುಟ್ಟ ಹೋಟೆಲಿಗೆ ವೆಬ್‌ಸೈಟಿನಿಂದ ಆಗುವುದೇನಿದೆ? ಮ್ಯಾಪಿನಲ್ಲಿ ಟೈಮು, ಫೋನ್ ನಂಬರು ಸರಿ ಇದ್ದರೆ ಸಾಕು. ಬಂದ ಗಿರಾಕಿಯನ್ನು ನೀನೇ ಓಡಿಸ್ತೀಯ ಅಂತ ನನ್ನ ಪಾರ್ಟ್‌ನರ್ ಗೊಣಗುತ್ತಾನೆ. ಆದರೆ ಅವರಿಗೂ ಒಂದು ಮಾತು ಹೇಳಿ ಕಳಿಸುತ್ತೇನೆ. ಸೈಟ್ ಆಮೇಲೆ ನೋಡೋಣ, ಹೆಸರು ಮಾತ್ರ ಈಗಲೇ ತಗೊಳ್ಳಿ.

ಹೆಸರು ಅಂದರೆ ಡೊಮೈನ್, ಜನ ಟೈಪ್ ಮಾಡುವ ವೆಬ್‌ಸೈಟಿನ ವಿಳಾಸ. ಇದನ್ನು ವಿವರಿಸಲು ಕಿಟಕಿಯಾಚೆ ಕೈ ತೋರಿಸಿದರೆ ಸಾಕು. ಮಿನರ್ವ ಅನ್ನುವುದು ಒಂದು ಟಾಕೀಸ್. ಅದು ಹೋಗಿ ಎಷ್ಟೋ ಕಾಲವಾಯಿತು. ಅಲ್ಲಿ ಒಂದೂ ಸಿನಿಮಾ ನೋಡದ ನನ್ನಂಥವರು ಕೂಡ ಆಟೊದವರಿಗೆ "ಮಿನರ್ವ ಸರ್ಕಲ್" ಅನ್ನುತ್ತೇವೆ, ಅವರೂ ಸೀದಾ ಇಲ್ಲಿಗೇ ತಂದು ಬಿಡುತ್ತಾರೆ. ಡೊಮೈನೂ ಹಾಗೇ. ಸೈಟ್ ಇಟ್ಟಿರುವ ಸರ್ವರ್ ಬದಲಾಗಲಿ, ಡಿಸೈನ್ ಬದಲಾಗಲಿ, ನಮ್ಮನ್ನು ಬಿಟ್ಟು ಬೇರೆ ಸ್ಟುಡಿಯೊ ಹಿಡಿಯಿರಿ, ಜನ ಬರುವ ಹೆಸರು ಅದೇ ಇರುತ್ತದೆ.

ಆ್ಯಪ್‌ಗಳಲ್ಲಿ ಈ ಅನುಕೂಲ ಇಲ್ಲ. ಆರ್ಕುಟ್ ಅನ್ನುವ ಸೋಶಿಯಲ್ ಮೀಡಿಯಾ ನೆನಪಿದೆಯಾ? 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಟಿಕ್‌ಟಾಕನ್ನು ನಮ್ಮ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಜನ ಸೇರಿಸಿದ್ದವರು ಮತ್ತೆ ಒಂದರಿಂದ ಎಣಿಸಬೇಕಾಯಿತು. 2021ರ ಅಕ್ಟೋಬರ್ 4ರ ರಾತ್ರಿಯಂತೂ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತುಹೋದವು. ನವರಾತ್ರಿಗೆ ಇನ್ನು ಮೂರೇ ದಿನ. ಊರಿಗೆ ಊರೇ ಫೋನ್ ಆಫ್ ಮಾಡಿ ಆನ್ ಮಾಡಿದ್ದೇ ಮಾಡಿದ್ದು.

ಇಷ್ಟೆಲ್ಲ ಕೇಳಿ ಪಾತ್ರೆ ಅಂಗಡಿಯವರು ಅಂದರು: "ಡೊಮೈನಿಗೂ ವರ್ಷವರ್ಷ ದುಡ್ಡು ಕಟ್ಟಬೇಕಲ್ಲಮ್ಮ. ಅದೂ ಬಾಡಿಗೆನೇ ಆಯ್ತಲ್ಲ?" ಘಾಟಿ ಮನುಷ್ಯ. ಮಾತು ನಿಜ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಕಟ್ಟುತ್ತಲೇ ಇರಬೇಕು. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು, ರಿನ್ಯೂವಲ್‌ಗೆ ಸರಿಯಾಗಿ ಎಳೆಯುವವರೂ ಇದ್ದಾರೆ. ಆದರೆ ಕಟ್ಟುತ್ತಿರುವಷ್ಟು ದಿನ ಆ ಹೆಸರನ್ನು ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಅದಕ್ಕೆ ಒಂದೇ ಷರತ್ತು, ಅದು ನಿಮ್ಮ ಹೆಸರಿನಲ್ಲಿರಬೇಕು.

ಈ ಷರತ್ತು ತಪ್ಪಿದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟಿರುವ ಅಪ್ಪ, ಮಗ ಒಂದು ದಿನ ಬಂದರು. ಎಂಟು ವರ್ಷದಿಂದ ಸೈಟ್ ಇತ್ತು. ಕಟ್ಟಿಕೊಟ್ಟವನು ಡೊಮೈನನ್ನು ತನ್ನ ಇಮೇಲ್‌ನಲ್ಲೇ ತೆಗೆದುಕೊಂಡಿದ್ದ. ಆಮೇಲೆ ನಂಬರ್ ಬದಲಿಸಿದ, ಪತ್ತೆ ಇಲ್ಲ. ಅವಧಿ ಮುಗಿಯುತ್ತಿದೆ ಅನ್ನುವ ಮೇಲ್‌ಗಳೆಲ್ಲ ಅವನಿಗೇ ಹೋಗಿವೆ. ಡಾಟ್ ಕಾಮ್ ಹೆಸರು ಅವಧಿ ಮುಗಿದ ತಕ್ಷಣ ಕೈಬಿಟ್ಟು ಹೋಗುವುದಿಲ್ಲ. ಹೆಸರು ಮಾರಿದ ಕಂಪನಿಯವರು ಸಾಮಾನ್ಯವಾಗಿ ಕೆಲವು ವಾರ ಸುಮ್ನೆ ಕಾಯುತ್ತಾರೆ. ಆಮೇಲೆ 30 ದಿನ, ಭಾರೀ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಗೆ 5 ದಿನ, ಆಗ ಯಾರೂ ಏನೂ ಮಾಡುವಂತಿಲ್ಲ. ಅದೂ ಕಳೆದರೆ ಯಾರು ಮೊದಲು ಬಂದರೆ ಅವರದ್ದು. ಇವರು ನಮ್ಮ ಹತ್ತಿರ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ತೆರೆದು ನೋಡಿದರೆ ರಮ್ಮಿ ಆಟದ ಜಾಹೀರಾತು! ಮದುವೆ ಸೀರೆ ಹಾಕಿಕೊಡುವ ಕವರಿನ ಮೇಲೆ, ಬಿಲ್ ಬುಕ್ಕಿನ ಮೇಲೆ ಎಲ್ಲ ಕಡೆ ಅದೇ ವಿಳಾಸ ಅಚ್ಚಾಗಿತ್ತು. ಕವರ್ ಎಸೆಯಲು ಮನಸ್ಸಿಲ್ಲದೆ, ತಿಂಗಳುಗಟ್ಟಲೆ ಹೊಸ ವಿಳಾಸದ ಸ್ಟಿಕರ್ ಅಂಟಿಸಿದರು.

ಅವತ್ತಿನಿಂದ ನಾವು ಯಾರ ಡೊಮೈನನ್ನೂ ನಮ್ಮ ಇಮೇಲ್‌ನಲ್ಲಿ ತೆಗೆದುಕೊಳ್ಳುವುದಿಲ್ಲ. ಗಿರಾಕಿಯನ್ನೇ ಎದುರು ಕೂರಿಸಿ, ಅವರ ಇಮೇಲ್, ಅವರ ಕಾರ್ಡ್, ಒಟಿಪಿ ಅವರ ಫೋನಿಗೆ. ಒಂದು ಗಂಟೆ ಹಿಡಿಯುತ್ತದೆ. ಬೈಸಿಕೊಳ್ಳುತ್ತೇವೆ.

ಹೆಸರಾಯಿತು. ಅಲ್ಲಿ ಏನು ಇಡಬೇಕು? "ಅಬೌಟ್ ಅಸ್" ಅಂತ ಯಾರೂ ಓದದ ನಾಲ್ಕು ಸಾಲು ಮಾತ್ರ ಬೇಡ. ದಿನಾ ಬಾಯಿ ನೋಯುವಷ್ಟು ಹೇಳುವ ಉತ್ತರಗಳಿರುತ್ತವಲ್ಲ, ಅವನ್ನು ಇಡಿ.

ಬಸವನಗುಡಿಯಲ್ಲಿ ತಾರಸಿ ತೋಟದ ಸಾಮಾನು ಮಾರುವ ಒಬ್ಬರು ಆಂಟಿ ನಮ್ಮ ಗಿರಾಕಿ. ಕುಂಡ, ಕೋಕೊಪೀಟ್, ಬೀಜ, ಬೇವಿನ ಹಿಂಡಿ. ಅವರ ವಾಟ್ಸಾಪ್ ಗ್ರೂಪ್ ತುಂಬಿ ತುಳುಕುತ್ತಿತ್ತು. 256 ಇದ್ದ ಮಿತಿ 2022ರಲ್ಲಿ 1024ಕ್ಕೆ ಏರಿದಾಗ ಖುಷಿಪಟ್ಟರು. ಆಮೇಲೆ ಗೋಳು ಶುರು. ಟೊಮೆಟೊ ಎಲೆ ಯಾಕೆ ಮುದುಡುತ್ತದೆ ಅಂತ ಬೆಳಿಗ್ಗೆ ಒಬ್ಬರು ಕೇಳುತ್ತಾರೆ, ಇವರು ಬರೆಯುತ್ತಾರೆ. ಅದರ ಮೇಲೆ ನಲವತ್ತು ಗುಡ್ ಮಾರ್ನಿಂಗ್ ಬಂದು ಕೂರುತ್ತವೆ. ಸಂಜೆ ಇನ್ನೊಬ್ಬರು ಅದನ್ನೇ ಕೇಳುತ್ತಾರೆ.

ಅವರಿಗೆ ಟೈಪ್ ಮಾಡುವುದೆಂದರೆ ಆಗದು. ವಾಯ್ಸ್ ನೋಟ್ ಕಳಿಸಿ ಅಂದೆವು, ಕೇಳಿ ಕೇಳಿ ನಾವೇ ಬರೆದುಕೊಂಡೆವು. "ಅದು ಮುಟುರು ರೋಗ ಕಣಪ್ಪ. ಬಿಳಿ ನೊಣ ತರೋ ವೈರಸ್ಸು. ಆ ಗಿಡ ಮತ್ತೆ ಸುಧಾರಿಸಲ್ಲ, ಕಿತ್ತು ಹಾಕು. ಪಕ್ಕದ ಗಿಡಕ್ಕೆ ಬೇವಿನೆಣ್ಣೆ ಹೊಡಿ." ತಿದ್ದದೆ ಹಾಗೇ ಅವರ ಸೈಟಿನಲ್ಲಿ ಹಾಕಿದೆವು. ಕೆಳಗೆ ಜನ ಪ್ರಶ್ನೆ ಕೇಳಲು, ಒಬ್ಬರಿಗೊಬ್ಬರು ಉತ್ತರಿಸಲು ಜಾಗ ಬಿಟ್ಟೆವು. ಎಲ್ಲ ಕನ್ನಡದಲ್ಲೇ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂದಾಗ ಊರೆಲ್ಲ ಬೋರ್ಡ್ ಬದಲಿಸಿತು. ಅದೇ ಅಂಗಡಿಗಳ ವೆಬ್‌ಸೈಟಿನಲ್ಲಿ ಕನ್ನಡ ಹುಡುಕಿ ನೋಡಿ, ಸಿಗುವುದು ಕಷ್ಟ. ಇದರಲ್ಲಿ ಡಿಸೈನರ್‌ಗಳ ಸೋಮಾರಿತನವೂ ಇದೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರದಲ್ಲೇ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಸ್ವಲ್ಪ ಜಾಗ ಜಾಸ್ತಿ ಬಿಡಬೇಕು, ಅಷ್ಟೇ.

ಈ ಪ್ರಶ್ನೆ-ಉತ್ತರದ ಜಾಗ ಎಲ್ಲ ಕಡೆ ಹೀಗೆ ಕೈಹಿಡಿಯಲಿಲ್ಲ. ಇನ್ನೊಬ್ಬ ಗಿರಾಕಿಗೆ ಇದಕ್ಕಿಂತ ಚೆಂದದ್ದು ಕಟ್ಟಿಕೊಟ್ಟೆವು. ರಿಬ್ಬನ್ ಕತ್ತರಿಸಿದ್ದೂ ಆಯಿತು. ಕೇಳಿದ ಪ್ರಶ್ನೆಗೆ ಆ ಕಡೆಯಿಂದ ಒಬ್ಬರೂ ಉತ್ತರ ಕೊಡಲಿಲ್ಲ. ಆರು ತಿಂಗಳಲ್ಲಿ ಸಾಲದ ಜಾಹೀರಾತುಗಳಷ್ಟೇ ಉಳಿದವು. ಈಗ ಮೊದಲೇ ಕೇಳುತ್ತೇನೆ, ದಿನಾ ಅರ್ಧ ಗಂಟೆ ಕೂತು ಉತ್ತರಿಸುವವರು ಯಾರು? ಹೆಸರು ಹೇಳದಿದ್ದರೆ ಆ ಕೆಲಸವನ್ನೇ ಒಪ್ಪಿಕೊಳ್ಳುವುದಿಲ್ಲ.

ಪಾತ್ರೆ ಅಂಗಡಿಯವರು ಕೊನೆಗೆ ಹೆಸರು ಮಾತ್ರ ತೆಗೆದುಕೊಂಡರು. ಈಗಲೂ ಅವರ ಸೈಟಿನಲ್ಲಿರುವುದು ಒಂದೇ ಪುಟ. ಫೋನ್ ನಂಬರು, ಭಾನುವಾರ ಮಧ್ಯಾಹ್ನದ ಮೇಲೆ ರಜಾ, ಹಳೇ ಪಾತ್ರೆ ಕೊಟ್ಟರೆ ಎಷ್ಟು ಕಡಿತ ಅನ್ನುವ ವಿವರ. ಪ್ರತಿ ವರ್ಷ ರಿನ್ಯೂವಲ್ ದಿನ ಮರೆಯದೆ ಫೋನ್ ಮಾಡುತ್ತಾರೆ.

"ಅಮ್ಮಾ, ಒಟಿಪಿ ಬಂತು. ಬರ್ಕೊ, ನಾಲ್ಕು, ಏಳು..."

"ಸಾರ್, ನಂಗ್ಯಾಕೆ ಹೇಳ್ತೀರಾ? ಯಾರಿಗೂ ಹೇಳ್ಬೇಡಿ, ನೀವೇ ಹಾಕಿ!"