ಟಿಪ್ಪಣಿ ಹಾಳೆಯಲ್ಲಿ ಕಾರಣ ಇರಲಿ

ಉಡುಪಿ ಜಿಲ್ಲೆಯ ಒಂದು ತಾಲೂಕು ಕಚೇರಿಯಲ್ಲಿ ನಾನು ವಿಷಯ ನಿರ್ವಾಹಕ. ಜನರ ಬಾಯಲ್ಲಿ ಕೇಸ್ ವರ್ಕರ್. ನನ್ನ ಮೇಜಿಗೆ ಬರುವುದು ಜಾಸ್ತಿ ಪಹಣಿ ತಿದ್ದುಪಡಿ, ಪೌತಿ ಖಾತೆ (ತೀರಿಕೊಂಡವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡುವುದು), ತಕರಾರು ಮ್ಯುಟೇಶನ್ (ಆಕ್ಷೇಪಣೆ ಬಂದ ಖಾತೆ ಬದಲಾವಣೆ). ಈಗ ನಮ್ಮ ಶಾಖೆಗೆ ಹೊಸಬರು ಬಂದಿದ್ದಾರೆ. ಅವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತಿರುವುದು ಟಿಪ್ಪಣಿ ಬರೆಯುವುದನ್ನು.

ಸರ್ಕಾರಿ ಕಡತದಲ್ಲಿ ಎರಡು ಭಾಗ. ಒಂದರಲ್ಲಿ ಅರ್ಜಿ, ವರದಿ, ನೋಟಿಸು. ಇನ್ನೊಂದರಲ್ಲಿ ಟಿಪ್ಪಣಿ, ಅಂದರೆ ಅವನ್ನು ಓದಿ ನಾವು ಬರೆಯುವ ಅಭಿಪ್ರಾಯ. ನಾನು ಬರೆದದ್ದನ್ನು ಶಿರಸ್ತೇದಾರರು ನೋಡುತ್ತಾರೆ, ಆಮೇಲೆ ತಹಶೀಲ್ದಾರರ ಆದೇಶ. ಫೈಲು ಮೇಜಿಂದ ಮೇಜಿಗೆ ಅಲೆಯುತ್ತದೆ ಅಂತ ಜನ ಬೈಯುವುದು ಇದಕ್ಕೇ. ಸುಮ್ನೆ ಅಲೆದರೆ ಆ ಬೈಗುಳ ನ್ಯಾಯವೇ. ಆದರೆ ಪ್ರತಿ ಮೇಜಿನಲ್ಲೂ ಒಬ್ಬರು ಓದಿ, ತಮಗೆ ಕಂಡದ್ದನ್ನು ಬರೆದು, ಕೆಳಗೆ ಸಹಿ ಹಾಕಿದರೆ ಯಾರೋ ಒಬ್ಬರು ತಮಗೆ ಬೇಕಾದವರ ಹೆಸರನ್ನು ಪಹಣಿಯಲ್ಲಿ ಕೂರಿಸುವುದು ಸುಲಭವಲ್ಲ.

ಪರೀಕ್ಷೆಗೆ ಓದುವಾಗ ನಾವೆಲ್ಲ ಮ್ಯಾಕ್ಸ್ ವೆಬರ್ ಅವರನ್ನು ಬಾಯಿಪಾಠ ಮಾಡಿದವರೇ. 1920ರಲ್ಲಿ ತೀರಿಕೊಂಡ ಜರ್ಮನಿಯ ಸಮಾಜಶಾಸ್ತ್ರಜ್ಞ. ಅಧಿಕಾರಶಾಹಿ ಅಂದರೆ ಮೇಲಿನ ಹುದ್ದೆ, ಕೆಳಗಿನ ಹುದ್ದೆ, ನಿಯಮ ಅನ್ನುವಷ್ಟು ಎಲ್ಲರಿಗೂ ನೆನಪಿರುತ್ತದೆ. ಕೆಲಸ ಬರಹದಲ್ಲೇ ನಡೆಯಬೇಕು, ಹುದ್ದೆ ಬೇರೆ ಅದರಲ್ಲಿ ಕೂತ ಮನುಷ್ಯ ಬೇರೆ ಅಂತಲೂ ಅವರು ಹೇಳಿದ್ದರು. ನೌಕರಿಗೆ ಸೇರಿದ ಮೇಲೆ ದಿನವೂ ಬೇಕಾಗುವುದು ಇವೇ ಎರಡು. ಮಂತ್ರಿ ಬದಲಾಗುತ್ತಾರೆ, ತಹಶೀಲ್ದಾರರಿಗೆ ವರ್ಗವಾಗುತ್ತದೆ, ನಾನು ನಿವೃತ್ತನಾಗುತ್ತೇನೆ. ಕಡತ ಅಲ್ಲೇ ಇರುತ್ತದೆ.

ಇದು ಎಷ್ಟು ನಿಜ ಅಂತ ನನಗೆ ಮನದಟ್ಟು ಮಾಡಿದ್ದು ಒಂದು ಪೌತಿ ಖಾತೆ. ಅರ್ಜಿ ಕೊಟ್ಟವರು ವಯಸ್ಸಾದ ಒಬ್ಬ ಅಮ್ಮ. ಗದ್ದೆ ಇದ್ದದ್ದು ಅವರ ಸೋದರಮಾವನ ಹೆಸರಲ್ಲಿ. ಉಳುವವರಿಗೇ ಭೂಮಿ ಅಂತ ಕೊಟ್ಟ ಭೂಸುಧಾರಣೆಯಲ್ಲಿ ಬಂದ ಜಾಗ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ನಮ್ಮ ಕರಾವಳಿಯಲ್ಲಿ ಸಾವಿರಾರು ಒಕ್ಕಲು ಕುಟುಂಬಗಳು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿಯಿಂದ ಹಕ್ಕು ಪಡೆದವು. ಎಷ್ಟೋ ಮನೆಗಳಲ್ಲಿ ಡಿಕ್ಲರೇಶನ್ ಒಬ್ಬ ಗಂಡಸಿನ ಹೆಸರಲ್ಲಿ, ಗೇಣಿ ಮಾತ್ರ ಇಡೀ ಕುಟುಂಬದ್ದು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು ಬರುವ ಅಳಿಯಸಂತಾನದ ಮನೆಗಳಲ್ಲಿ ತೊಡಕು ಶುರುವಾಗುವುದೇ ಇಲ್ಲಿ. ಮಾವ ತೀರಿಕೊಂಡ ಮೇಲೆ ಅವರ ಮಕ್ಕಳು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಿಡಿದು ಬರುತ್ತಾರೆ. ತಂಗಿಯ ಮಕ್ಕಳು ಇದು ಅಜ್ಜಿಯ ಕಾಲದ ಗೇಣಿ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಆ ಅಮ್ಮನ ಅರ್ಜಿ ಹಿಂದೊಮ್ಮೆ ವಾಪಸ್ಸಾಗಿತ್ತು. ಕಚೇರಿ ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರ, ಅಂದರೆ ಹಿಂಬರಹದಲ್ಲಿದ್ದದ್ದು ಇಷ್ಟು: "ದಾಖಲೆಗಳು ಸಮರ್ಪಕವಾಗಿಲ್ಲದ ಕಾರಣ ಅರ್ಜಿಯನ್ನು ವಿಲೇಗೊಳಿಸಲಾಗಿದೆ." ಒಳಗೆ ಟಿಪ್ಪಣಿ ನೋಡಿದರೆ, "ಪರಿಶೀಲಿಸಿದೆ. ಆದೇಶಕ್ಕಾಗಿ ಮಂಡಿಸಿದೆ." ಏನನ್ನು ಪರಿಶೀಲಿಸಿದರು, ಏನು ಸಿಗಲಿಲ್ಲ, ಒಂದಕ್ಷರ ಇಲ್ಲ. "ಯಾವ ಕಾಗದ ಇಲ್ಲ ಅಂತ ಬರೆದು ಕೊಡಿ ಮಾರಾಯ್ರೆ, ಎಲ್ಲಿಂದಾದರೂ ತರುತ್ತೇನೆ" ಅಂದರು ಅವರು. ಅದಕ್ಕಿಂತ ನ್ಯಾಯವಾದ ಬೇಡಿಕೆ ಇದೆಯಾ?

ರೆಕಾರ್ಡ್ ರೂಮಿನಿಂದ ಮಂಡಳಿಯ ಹಳೇ ಕಡತ ತರಿಸಿದೆವು. ಮುಟ್ಟಿದರೆ ಅಂಚು ಪುಡಿಯಾಗುವ ಹಾಳೆ, ಶಾಯಿಯಲ್ಲಿ ಬರೆದದ್ದು. ಆದೇಶ ಬರೆದವರು "ಮಂಜೂರು" ಅಂತ ಗೀಚಿ ಬಿಟ್ಟಿರಲಿಲ್ಲ. ಮಾವ ಕೊಟ್ಟ ಹೇಳಿಕೆ ಪೂರ್ತಿ ಇತ್ತು. ಗೇಣಿ ತಾಯಿಯ ಕಾಲದಿಂದ ಬಂದದ್ದು, ಧಣಿಗೆ ಮುಡಿ ಅಕ್ಕಿ ಅಳೆದದ್ದಕ್ಕೆ ತಾಯಿಯ ಹೆಸರಿನ ರಶೀದಿ ಇದೆ, ತಂಗಿಯೂ ಒಟ್ಟಿಗೇ ಬೇಸಾಯ ಮಾಡುತ್ತಾಳೆ. ಹಕ್ಕನ್ನು ಕುಟುಂಬದ ಪರವಾಗಿ ಕೊಡುತ್ತಿದ್ದೇವೆ ಅಂತ ಕೊನೆಗೆ ಒಂದು ಸಾಲು. ಅದನ್ನು ಬರೆದವರು ಯಾರೋ ನನಗೆ ಗೊತ್ತಿಲ್ಲ. ಅವರ ಮೇಲೆ ನನಗೆ ತುಂಬಾ ಗೌರವ.

ಆ ಸಾಲನ್ನು ಪುಟಸಂಖ್ಯೆ ಸಮೇತ ಟಿಪ್ಪಣಿಗೆ ಎತ್ತಿ ಬರೆದೆ. ಮಾವನ ಮಕ್ಕಳ ಆಕ್ಷೇಪಣೆಯನ್ನೂ ಅಷ್ಟೇ ಪೂರ್ತಿಯಾಗಿ ಬರೆದೆ. ತಕರಾರು ಪ್ರಕರಣ ದಾಖಲಾಯಿತು, ಎರಡೂ ಕಡೆಯವರ ವಿಚಾರಣೆ ನಡೆಯಿತು, ಆದೇಶದಲ್ಲಿ ಇಬ್ಬರ ಮಾತಿಗೂ ಉತ್ತರ ಇತ್ತು. ಒಪ್ಪದವರು ಭೂಕಂದಾಯ ಕಾಯ್ದೆ 1964ರ ಕಲಂ 136(2)ರ ಕೆಳಗೆ ಸಹಾಯಕ ಆಯುಕ್ತರಲ್ಲಿ ಮೇಲ್ಮನವಿ ಹಾಕಬಹುದು. ಹಕ್ಕಿನ ವಿಷಯದಲ್ಲಿ ಸಿವಿಲ್ ಕೋರ್ಟಿಗೂ ಹೋಗಬಹುದು. ಕಾರಣವೇ ಇಲ್ಲದ ಆದೇಶದ ಮೇಲೆ ಮೇಲ್ಮನವಿ ಹಾಕುವವರು ಏನಂತ ವಾದ ಮಾಡಬೇಕು, ಅಲ್ವಾ?

ಸರ್ಕಾರಿ ಸೇವೆಗಳಿಗೆ ದಿನದ ಗಡುವು ಹಾಕುವ ಸಕಾಲ ಬಂದ ಮೇಲೆ ಗಡುವಿನ ಭಯ ಹುಟ್ಟಿದೆ, ಅದು ಒಳ್ಳೆಯದೇ. 2011ರ ಕಾಯ್ದೆ, 2012ರಿಂದ ಜಾರಿಯಲ್ಲಿದೆ. ಆದರೆ ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು ವಿಲೇವಾರಿಯೇ. ಗಡುವು ಹತ್ತಿರ ಬಂದಾಗ ಒಂದು ಸಾಲಿನ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುವ ಆಸೆ ಯಾರಿಗಾದರೂ ಬರುತ್ತದೆ. ಹೊಸಬರಿಗೆ ನಾನು ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಡಿ) ತೋರಿಸುತ್ತೇನೆ. ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ಕೊಡಬೇಕು ಅಂತ ಅಲ್ಲಿದೆ. ಆ ಕಾಯ್ದೆ ಅಂದರೆ ಬರೀ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡುವುದು ಅಂದುಕೊಂಡವರು ನಮ್ಮಲ್ಲೇ ಜಾಸ್ತಿ.

ಈಗ ಇ-ಆಫೀಸ್ ಬಂದಿದೆ. ಸಿದ್ಧ ಟಿಪ್ಪಣಿಗಳನ್ನು ಆರಿಸಿ ಒತ್ತಿದರೆ ಕಡತ ಮುಂದಕ್ಕೆ ಹೋಗುತ್ತದೆ. ಪೌತಿ ಖಾತೆ, ತಕರಾರು ಕಡತಗಳಿಗೆ ಅದನ್ನು ಮುಟ್ಟಬೇಡಿ ಅಂತ ನಮ್ಮ ಶಾಖೆಯವರಿಗೆ ಹೇಳಿದ್ದೇನೆ. ಹಿಂಬರಹ ಕೊಡುವುದಾದರೆ ಯಾವ ದಾಖಲೆ ಇಲ್ಲ, ಅದು ಯಾವ ಕಚೇರಿಯಲ್ಲಿ ಸಿಗುತ್ತದೆ, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ, ಇಷ್ಟೂ ಬರೆಯಬೇಕು. ಕೌಂಟರಿಗೆ ಬಂದವರಿಗೆ ಓದಲು ಕಷ್ಟವಾದರೆ ತುಳುವಿನಲ್ಲಿ ಓದಿ ಹೇಳಬೇಕು. ನಿಮ್ಮ ಕಚೇರಿಯಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದ್ದರೆ, ಅರ್ಜಿದಾರರ ಹೆಸರು ತೆಗೆದು ಹಂಚಿಕೊಳ್ಳಿ. ನಮ್ಮದನ್ನೂ ಕಳಿಸುತ್ತೇನೆ.