ಜ್ವರ ಇಲ್ಲ, ಮತ್ತೆಂತ?

ಮೊನ್ನೆ ಮಂಗಳವಾರ ಅಜ್ಜಿ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಬಂದಿದ್ಯಾ ಪುಟ್ಟಾ?" ಇಲ್ಲ ಅಂದೆ. "ಮತ್ತೆಂತ?"

ಅಷ್ಟೇ ಮಾತು. ಬೆಳಿಗ್ಗೆ ಗಂಟೆ ಹನ್ನೊಂದೂವರೆ ಆಗಿತ್ತು. ಹೊರಗೆ ತೀರ್ಥಹಳ್ಳಿಯ ಆಷಾಢದ ಮಳೆ. ನಾನು ಕಂಬಳಿಯೊಳಗೆ ಮೊಬೈಲ್ ಹಿಡಿದು ಮಲಗಿದ್ದೆ. ಕುಟುಕಿದಳು ಅಂದುಕೊಂಡು ಗೋಡೆ ಕಡೆ ತಿರುಗಿದೆ.

ಕೆಲಸ ಹೋಗಿ ಊರಿಗೆ ಬಂದು ಐದು ವಾರ. ಮೊದಲ ವಾರ ಸುಸ್ತು ತೀರಲಿ ಅಂತ ಮಲಗಿದ್ದು. ಆಮೇಲೆ ತಿಂಡಿ ಹಾಸಿಗೆಯಲ್ಲೇ, ಕೆಲಸಕ್ಕೆ ಅರ್ಜಿ ಹಾಕೋದೂ ಅಲ್ಲೇ, ಅಳೋದೂ ಅಲ್ಲೇ. ರಾತ್ರಿ ಮಾತ್ರ ಅದೇ ಹಾಸಿಗೆಯಲ್ಲಿ ನಿದ್ದೆ ಇಲ್ಲ. ಹೆಂಚಿನ ಮೇಲೆ ಸುರಿಯೋ ಮಳೆ ಕೇಳುತ್ತಾ, ನನ್ನನ್ನೇ ಯಾಕೆ ತೆಗೆದರು ಅಂತ ಎರಡು ಗಂಟೆ ತನಕ ಯೋಚಿಸುತ್ತಾ ಬಿದ್ದಿರುತ್ತಿದ್ದೆ.

ಚಿಕ್ಕಪ್ಪ ಇದನ್ನು ಸೋಮಾರಿತನ ಅಂದರು. ಅಡಿಕೆಗೆ ಕೊಳೆ ಔಷಧಿ ಹೊಡೆಯೋಕೆ ಜನ ಸಿಗಲ್ಲ, ಇದು ನೋಡಿದರೆ ಮಲಗಿದೆ ಅಂತ. ಅವರ ಮೇಲೆ ಇನ್ನೂ ಸಿಟ್ಟಿದೆ. ಸೋಮಾರಿಗೆ ಮಲಗಿದರೆ ಹಿತ ಆಗುತ್ತೆ ಅಲ್ವಾ? ನನಗೆ ಒಂದು ಗಳಿಗೆಯೂ ಹಿತ ಇರಲಿಲ್ಲ. ಅಮ್ಮ ಪಾಪ, ಏನೂ ಅನ್ನದೆ ಕಾಫಿ ತಂದು ದಿಂಬಿನ ಪಕ್ಕ ಇಡುತ್ತಿದ್ದಳು. ಆ ಕಾಫಿ ಅಡುಗೆಮನೆಯಲ್ಲೇ ಇದ್ದಿದ್ದರೆ ನಾನು ಏಳುತ್ತಿದ್ದೆನೋ ಏನೋ.

ಮಂಗಳವಾರ ರಾತ್ರಿ "ಮತ್ತೆಂತ" ಅನ್ನೋದು ತಲೆಯಿಂದ ಹೋಗಲೇ ಇಲ್ಲ. ಮನಸ್ಸಿನ ಕಷ್ಟಕ್ಕೆ ಅಂತ ಸರ್ಕಾರ ಇಟ್ಟಿರೋ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಅಪರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರನ್ನು ನೋಡಿ ಅಂದರು. ಗುರುವಾರ ಶಿವಮೊಗ್ಗಕ್ಕೆ ಹೋದೆ.

ಮನಸ್ಸು ಕುಗ್ಗಿದಾಗ ಮಲಗಬೇಕು ಅನ್ನಿಸುತ್ತೆ, ಮಲಗಿದಷ್ಟೂ ಮನಸ್ಸಿಗೆ ಹಗುರಾಗೋ ಯಾವುದೂ ದಿನದಲ್ಲಿ ನಡೆಯಲ್ಲ, ಅದರಿಂದ ಇನ್ನೂ ಕುಗ್ಗುತ್ತೆ, ಇದು ಸುತ್ತುತ್ತಲೇ ಇರುತ್ತೆ ಅಂದರು ಡಾಕ್ಟರು. ಹಗಲಿಡೀ ಹಾಸಿಗೆಯಲ್ಲಿ ಚಿಂತೆ ಮಾಡಿದರೆ ಹಾಸಿಗೆ ಅಂದರೆ ಚಿಂತೆಯ ಜಾಗ ಅಂತ ಮಿದುಳು ಕಲಿತುಬಿಡುತ್ತಂತೆ. ಅದಕ್ಕೇ ನಿದ್ದೆಗೆ ಮಾತ್ರ ಹಾಸಿಗೆ, 20 ನಿಮಿಷ ಕಳೆದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂರೋದು. ಬೆಳಗಿನ ಬೆಳಕು ಕಣ್ಣಿಗೆ ಬೀಳದಿದ್ದರೆ ಮೈಯೊಳಗಿನ ಗಡಿಯಾರವೂ ಹಿಂದೆ ಬೀಳುತ್ತೆ. ನಮ್ಮಲ್ಲಿ ಈಗ ಬಿಸಿಲೆಲ್ಲಿ ಅಂದೆ. ಮೋಡ ಇದ್ದರೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಜಾಸ್ತಿ, ಜಗಲಿಗಾದರೂ ಬನ್ನಿ ಅಂದರು.

ಬಸ್ಸಲ್ಲಿ ವಾಪಸ್ ಬರುವಾಗ ಅಜ್ಜಿಯ ಕಾಲದ ಮನೆ ನೆನಪಾಯ್ತು. ರಾತ್ರಿ ಹಾಸಿದ ಹಾಸಿಗೆಯನ್ನು ಬೆಳಿಗ್ಗೆ ಸುತ್ತಿ ಮೂಲೆಯಲ್ಲಿ ಪೇರಿಸಿಡುತ್ತಿದ್ದರು. ಹಗಲು ಮಲಗಬೇಕಾದರೆ ಜ್ವರ ಬರಬೇಕು, ಇಲ್ಲಾ ಬಾಣಂತಿ ಆಗಿರಬೇಕು. ಒಳ್ಳೆ ಪದ್ಧತಿಯೇ. ಆದರೆ ದುಃಖ ಆದವರು ಆಗ ಏನು ಮಾಡುತ್ತಿದ್ದರು?

ಇವತ್ತು ಏಳಕ್ಕೆ ಎದ್ದು ಹಾಸಿಗೆ ಸುತ್ತಿಟ್ಟೆ. ಜಗಲಿಯಲ್ಲಿ ಅಜ್ಜಿ ಪಕ್ಕ ಕೂತು, ಮನಸ್ಸಿಗೆ ಹುಷಾರಿರಲಿಲ್ಲ ಅಜ್ಜಿ, ಅಂದೆ.

ಸ್ವಲ್ಪ ಹೊತ್ತು ಮಳೆ ನೋಡಿದಳು. "ನಿಮ್ಮಜ್ಜ ತೀರಿಹೋದ ವರ್ಷ ನಂಗೂ ಹಂಗೇ ಆಗಿತ್ತು. ಎಂತ ಆಯ್ತು ಅಂತ ಯಾರೂ ಕೇಳ್ಲಿಲ್ಲ."