ಫೋಟೋದಲ್ಲಿ ಇರೋ ಹಾಗೇ ಕಾಣುತ್ತಾ?

ಸ್ಟಾಕ್‌ಹೋಮ್‌ಗೆ ಬಂದು ಆರು ವರ್ಷ ಆಯಿತು. ಊರಿಗೆ ಹೋದಾಗಲೆಲ್ಲ ಚಳಿ ಎಷ್ಟು, ಸಂಬಳ ಎಷ್ಟು ಅನ್ನೋದು ಮುಗಿದ ಮೇಲೆ ಮೂರನೇ ಪ್ರಶ್ನೆ ಇದೇ. "ನಾರ್ದರ್ನ್ ಲೈಟ್ಸ್ ನೋಡಿದೀಯಂತೆ. ಫೋಟೋದಲ್ಲಿ ಇರೋ ಹಾಗೇ ಕಾಣುತ್ತಾ? ನಿಜ ಹೇಳು."

ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು ಅದು. ನಿಜ ಹೇಳಬೇಕು ಅಂದ್ರೆ, ಇಲ್ಲ. ಜಾಸ್ತಿ ಸಲ ಇಲ್ಲ.

ಒಮ್ಮೆ ಮಾರ್ಚ್ ತಿಂಗಳಲ್ಲಿ ಅಕ್ಕ, ಭಾವ ಬಂದಿದ್ದರು. ಮೂವರೂ ರಾತ್ರಿ ರೈಲು ಹತ್ತಿ ಅಬಿಸ್ಕೊಗೆ ಹೋದೆವು. ಸುಮಾರು 18 ಗಂಟೆ ಪ್ರಯಾಣ. ಆರ್ಕ್ಟಿಕ್ ವೃತ್ತ ದಾಟಿ ಇನ್ನೂ ಸುಮಾರು 200 ಕಿ.ಮೀ. ಉತ್ತರಕ್ಕಿರುವ ಪುಟ್ಟ ಊರು ಅದು. ಮೊದಲ ರಾತ್ರಿ ಊಟ ಮುಗಿಸಿ ಟೋರ್ನೆಟ್ರೆಸ್ಕ್ ಸರೋವರದ ಮೇಲೆ ನಿಂತೆವು. ದಡದಲ್ಲಲ್ಲ, ಮೇಲೆಯೇ. 70 ಕಿ.ಮೀ. ಉದ್ದದ ಸರೋವರ ಆಗ ಹೆಪ್ಪುಗಟ್ಟಿ ನೆಲದ ಹಾಗೆ ಆಗಿರುತ್ತದೆ. ಮೈನಸ್ 22. ಉಸಿರೆಳೆದರೆ ಮೂಗಿನೊಳಗಿನ ಕೂದಲು ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು.

ಉತ್ತರದ ಬೆಟ್ಟದ ಮೇಲೆ ಬೂದು ಬಣ್ಣದ ಒಂದು ಪಟ್ಟಿ. ಭಾವ ಮೋಡ ಅಂದುಕೊಂಡರು. "ಅದೇ ಭಾವ" ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಇದಕ್ಕೇನಯ್ಯಾ ನಮ್ಮನ್ನ ಇಲ್ಲಿವರೆಗೂ ಎಳ್ಕೊಂಡು ಬಂದಿದ್ದು?" ಅಂದರು. ಅಷ್ಟರಲ್ಲಿ ಅಕ್ಕ ಗ್ಲೌಸ್ ಬಿಚ್ಚಿ ಮೊಬೈಲ್ ಎತ್ತಿದಳು. ನೈಟ್ ಮೋಡ್, ಮೂರು ಸೆಕೆಂಡ್. ಸ್ಕ್ರೀನ್ ತುಂಬ ಗಿಳಿಹಸಿರು!

ಇದರಲ್ಲಿ ಮೋಸ ಏನಿಲ್ಲ. ರಾತ್ರಿ ಕರೆಂಟ್ ಹೋದಾಗ ಬೀರು ತೆಗೆದರೆ ಕೆಂಪು ಸೀರೆ ಯಾವುದು, ಹಸಿರು ಸೀರೆ ಯಾವುದು ಗೊತ್ತಾಗಲ್ಲ, ಅಲ್ವಾ? ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಕ್ಯಾಮೆರಾ ಹಾಗಲ್ಲ, ಹತ್ತು ಸೆಕೆಂಡ್ ತೆರೆದಿಟ್ಟರೆ ಹತ್ತು ಸೆಕೆಂಡಿನ ಬೆಳಕನ್ನೂ ಕೂಡಿಹಾಕುತ್ತದೆ. ಬಣ್ಣ ನಿಜವಾಗಿಯೂ ಅಲ್ಲಿದೆ. ನಮ್ಮ ಕಣ್ಣಿಗೆ ಸಾಲದು, ಅಷ್ಟೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹನ್ನೊಂದೂವರೆ ಹೊತ್ತಿಗೆ ನಾವು ವಾಪಸ್ ಹೊರಟಿದ್ದೆವು. ಪಟ್ಟಿಯ ಒಂದು ತುದಿ ಇದ್ದಕ್ಕಿದ್ದಂತೆ ಬೆಳಗಿತು. ಆಮೇಲೆ ಯಾರೋ ಒಗೆದ ಸೀರೆಯನ್ನು ಎರಡು ಕೈಯಲ್ಲಿ ಹಿಡಿದು ಕೊಡವಿದ ಹಾಗೆ, ಆಕಾಶದ ಈ ಕಡೆಯಿಂದ ಆ ಕಡೆಗೆ ಅಲೆ ಓಡಿತು. ಈಗ ಬರಿಗಣ್ಣಿಗೇ ಹಸಿರು. ಕೆಳಗಿನ ಅಂಚು ಗುಲಾಬಿ. ನಾವು ನಿಂತಿದ್ದ ಹಿಮವೂ ಹಸಿರಾಯಿತು. ಒಂದು ಚೂರೂ ಸದ್ದಿಲ್ಲ. ಅಕ್ಕ "ಅಯ್ಯೋ, ಅಯ್ಯೋ" ಅನ್ನುತ್ತಿದ್ದದ್ದು ಬಿಟ್ಟರೆ. ಎಂಟು ನಿಮಿಷ ಇರಬಹುದು. ಆಮೇಲೆ ಮತ್ತೆ ಬೂದು. ಅಷ್ಟೂ ಹೊತ್ತು ಅಕ್ಕ ಮೊಬೈಲ್ ಮುಟ್ಟಲೇ ಇಲ್ಲ.

ಅದಕ್ಕೇ ನನ್ನ ಉತ್ತರ ಎರಡು ಭಾಗ. ಕಣ್ಣಿಗೆ ಕಾಣದ ಬಣ್ಣವನ್ನು ಫೋಟೋ ತೋರಿಸುತ್ತದೆ, ಕಾಣುವ ಓಟವನ್ನು ತೆಗೆದುಬಿಡುತ್ತದೆ. ನೋಡಬೇಕಾದದ್ದು ಆ ಓಟ.

ಈ ಬೆಳಕು ಹುಟ್ಟುವುದು ಹೀಗೆ. ಸೂರ್ಯನಿಂದ ಬರುವ ಕಣಗಳ ಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸಿದಾಗ ಎಲೆಕ್ಟ್ರಾನ್‌ಗಳು ಧ್ರುವದ ಸುತ್ತ ಬಳೆಯ ಆಕಾರದಲ್ಲಿ ಕೆಳಗೆ ಸುರಿಯುತ್ತವೆ. ನೂರು ಕಿ.ಮೀ. ಮೇಲಿನ ಎತ್ತರದಲ್ಲಿ ಆಮ್ಲಜನಕಕ್ಕೆ ತಾಗಿದರೆ ಹಸಿರು. ಇನ್ನೂರು ದಾಟಿದರೆ ಕೆಂಪು. ಗುಲಾಬಿ ಅಂಚು ನೈಟ್ರೋಜನ್ನಿನದು. 2024ರ ಮೇ 10ರ ದೊಡ್ಡ ಸೌರ ಬಿರುಗಾಳಿಯಲ್ಲಿ ಆ ಕೆಂಪು ಲಡಾಖಿನ ಹಾನ್ಲೆಯವರೆಗೂ ಕಂಡಿತ್ತು. ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾಗಳು ಹಿಡಿದವು. ಅದನ್ನು ನಡೆಸುವ ಸಂಸ್ಥೆಯ ಮುಖ್ಯ ಕಚೇರಿ ನಮ್ಮ ಕೋರಮಂಗಲದಲ್ಲೇ ಇದೆ.

ಅಬಿಸ್ಕೊನೇ ಯಾಕೆ ಅಂದರೆ, ಅಟ್ಲಾಂಟಿಕ್ ಕಡೆಯ ಮೋಡಗಳೆಲ್ಲ ನಾರ್ವೆ ಗಡಿಯ ಬೆಟ್ಟಗಳಲ್ಲೇ ಸುರಿದು ಖಾಲಿಯಾಗುತ್ತವೆ. ಘಟ್ಟ ದಾಟಿದ ಮೇಲೆ ಚಳ್ಳಕೆರೆಗೆ ಮಳೆ ಉಳಿಯದ ಹಾಗೆ. ವರ್ಷಕ್ಕೆ ಸುಮಾರು 300 ಮಿ.ಮೀ. ಮಳೆ-ಹಿಮ ಅಷ್ಟೇ. ಆ್ಯಪ್ ನೋಡಿ ಕೆಪಿ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಾಡಿದೆ ಅನ್ನೋದಕ್ಕೆ 0ರಿಂದ 9ರವರೆಗಿನ ಅಳತೆ) ಬರೀ 2 ಅಂತ ಬೇಜಾರಾಗಿ ಮಲಗಬೇಡಿ. ಆ ಬಳೆಯ ಕೆಳಗೇ ಇರುವುದರಿಂದ ಅಲ್ಲಿಗೆ 2 ಸಾಕು. ಆಕಾಶ ತಿಳಿಯಾಗಿದೆಯಾ ಅಂತ ಮಾತ್ರ ನೋಡಿ.

ಆದರೂ ನಮ್ಮ ನಾಲ್ಕು ರಾತ್ರಿಯಲ್ಲಿ ಎರಡು ಮೋಡಕ್ಕೆ ಹೋದವು. ಬರೀ ಬೆಳಕಿಗೆ ಅಂತ ಹೋಗುವವರು ಅಳುವುದು ಇಲ್ಲೇ. ಹಗಲಿಗೂ ಏನಾದರೂ ಇಟ್ಟುಕೊಳ್ಳಿ. ನಾವು ಐಸ್ ಕೊರೆದು ಮೀನು ಹಿಡಿಯಲು ಕೂತೆವು. ಮೀನು ಸಿಗಲಿಲ್ಲ, ಕಾಫಿ ಚೆನ್ನಾಗಿತ್ತು. ಮಾರನೇ ದಿನ ನಾಯಿಗಾಡಿ. ನಾಲ್ಕು ನಾಯಿ, ಅಕ್ಕ ಕೂತಳು, ಭಾವ ಹಿಂದೆ ಹಲಗೆ ಮೇಲೆ ನಿಂತರು. ಹೊರಡುವ ತನಕ ನಾಯಿಗಳು ಕಿವಿ ಕಿತ್ತುಹೋಗುವ ಹಾಗೆ ಬೊಗಳುತ್ತವೆ. ಬ್ರೇಕ್ ಬಿಟ್ಟ ಕ್ಷಣ ಗಪ್‌ಚುಪ್. ಹಿಮದ ಮೇಲೆ ಗಾಡಿ ಜಾರುವ ಸರ್ ಸದ್ದು ಬಿಟ್ಟು ಇನ್ನೇನಿಲ್ಲ. ಗೈಡ್ ಹೇಳಿದ್ದು ಒಂದೇ ಮಾತು, ಬಿದ್ದರೂ ಹಿಡಿ ಬಿಡಬೇಡಿ. ಮೊದಲ ತಿರುವಿನಲ್ಲೇ ಭಾವ ಬಿದ್ದರು, ಹಿಡಿಯನ್ನೂ ಬಿಟ್ಟರು. ಅಕ್ಕನನ್ನು ಕೂರಿಸಿಕೊಂಡು ನಾಯಿಗಳು ಹೋಗೇಬಿಟ್ಟವು. ಮುಂದಿದ್ದ ಗೈಡ್ ತಡೆದು ನಿಲ್ಲಿಸಿದಾಗ ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಮಕ್ಕಳ ಬೇಸಿಗೆ ರಜೆಗೆ ಬರಬಹುದಾ ಅಂತಲೂ ಕೇಳುತ್ತಾರೆ. ಬೇಡ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಅದರ ಹಿಂದೆ ಮುಂದೆಯೂ ಸರಿಯಾದ ಕತ್ತಲಿಲ್ಲ. ದಸರಾ ರಜೆ ಒಳ್ಳೆಯದು, ರಾತ್ರಿಯಿದೆ, ಚಳಿಯೂ ಕಮ್ಮಿ. ಸರೋವರದ ಮೇಲೆ ನಡೆಯಬೇಕು ಅಂದರೆ ಮಾರ್ಚ್. ಒಳಗೆ ಕಾಟನ್ ಬನಿಯನ್ ಬೇಡ, ಬೆವರು ಹಿಡಿದು ನಡುಕ ಹುಟ್ಟಿಸುತ್ತದೆ, ಉಣ್ಣೆಯದೇ ಇರಲಿ. ಬೂಟು ಒಂದು ಸೈಜ್ ದೊಡ್ಡದಿರಲಿ. ಮೊಬೈಲ್ ಒಳಜೇಬಿನಲ್ಲಿರಲಿ. ಚಳಿಗೆ ಅಕ್ಕನದು 60 ಪರ್ಸೆಂಟ್ ಇದ್ದಾಗಲೇ ಆಫ್ ಆಗಿಹೋಯಿತು.

ಈಗ ಈ ಪ್ರಶ್ನೆಯನ್ನು ಭಾವನಿಗೂ ಕೇಳುತ್ತಾರೆ. ಅವರು ಅಕ್ಕ ತೆಗೆದ ಹಸಿರು ಫೋಟೋ ತೋರಿಸುವುದಿಲ್ಲ. "ಅದಿರಲಿ, ಇದು ನೋಡಿ" ಅಂತ ನಾಯಿಗಳ ವಿಡಿಯೊ ಹಾಕುತ್ತಾರೆ. ಬಿದ್ದದ್ದು ಅದರಲ್ಲಿಲ್ಲ.